ಬಲಗಡೆಯ ಸೊನ್ನೆ

ಸೆಪ್ಟೆಂಬರ್ 18

ತಮ್ಮನಿಗೆ,

ನೀನು ಹೇಗಿದ್ದೀಯ ಎಂದು ಕೇಳಲು ಈ ಕಾಗದ ಬರೆಯುತ್ತಿಲ್ಲ. ಹತ್ತು ವರ್ಷ ಕೇಳಿಲ್ಲ, ಈಗಲೂ ಅವಸರವಿಲ್ಲ. ಒಂದು ವಸ್ತುವಿನ ವಿಚಾರ ಕೇಳಬೇಕಾಗಿದೆ, ಅಷ್ಟೆ. ಫೋನು ಮಾಡಬಹುದಿತ್ತು. ಆದರೆ ನಾನು ಬಯ್ಯಲು ಶುರುಮಾಡಿದ ತಕ್ಷಣ ನೀನು ಫೋನು ಇಟ್ಟುಬಿಡುತ್ತೀಯ. ಕಾಗದವನ್ನಾದರೆ, ಮುಂದೆ ಇನ್ನೇನು ಬೈದಿದ್ದಾನೋ ನೋಡೋಣ ಎಂದಾದರೂ ಕೊನೆತನಕ ಓದುತ್ತೀಯ.

ನನ್ನ ಹನ್ನೆರಡನೇ ನಂಬರಿನ ದುಂಡು ಬ್ರಶ್ಶು ಎಲ್ಲಿದೆ?

ಆ ಫ್ಲೆಕ್ಸ್ ಯಂತ್ರವನ್ನು ನಂಬಿಕೊಂಡು ನೀನು ನಮ್ಮ ಬೋರ್ಡು ಬರೆಯುವ ಅಂಗಡಿ ಬಿಟ್ಟುಹೋದ ದಿನದಿಂದ ಅದು ಕಾಣಿಸುತ್ತಿಲ್ಲ. ಇಷ್ಟು ದಿನ ಬೇಕಾಗಿರಲಿಲ್ಲ. ಈಗ ಬೇಕು. ಯಾಕೆ ಎಂದರೆ, ಹೋದ ವಾರ ನಗರಸಭೆಯಿಂದ ಒಬ್ಬಳು ಹುಡುಗಿ ಬಂದಿದ್ದಳು. ಪರಿಸರದ ವಿಭಾಗವಂತೆ. ಬಂದವಳು ನೇರವಾಗಿ ಬಣ್ಣದ ಡಬ್ಬದ ಮೇಲೆಯೇ ಕೂತಳು. ಹಸಿ ಬಣ್ಣ. ನಾನು ಹೇಳಲಿಲ್ಲ, ಆಮೇಲೆ ಅವಳಿಗೇ ಗೊತ್ತಾಯಿತು.

"ತಾತ, ಡಿಸೆಂಬರ್ ಹನ್ನೆರಡಕ್ಕೆ ಹವಾಮಾನ ಒಪ್ಪಂದಕ್ಕೆ ಹತ್ತು ವರ್ಷ ತುಂಬುತ್ತೆ. ಊರಲ್ಲೆಲ್ಲಾ ಕಾರ್ಯಕ್ರಮ, ಮೆರವಣಿಗೆ. ನಲವತ್ತು ಬ್ಯಾನರ್ ಬೇಕು. ಎಲ್ಲಾ ಬಟ್ಟೆ ಮೇಲೆ, ಕೈಯಲ್ಲೇ ಬರ್ದಿರ್ಬೇಕು. ಪ್ಲಾಸ್ಟಿಕ್ಕು ಒಂದು ಚೂರೂ ಇರಬಾರದು."

"ಯಾರ್ಯಾರ ಒಪ್ಪಂದಮ್ಮ?"

"ಎಲ್ಲಾ ದೇಶಗಳದ್ದೂ. ಭೂಮಿ ಬಿಸಿ ಏರ್ತಾ ಇದೆಯಲ್ಲ, ಅದನ್ನ ಒಂದೂವರೆ ಡಿಗ್ರಿಗೇ ತಡೆಯೋಕೆ ನೋಡೋಣ, ಹೊಗೆ ಕಮ್ಮಿ ಮಾಡೋಣ ಅಂತ ಬರ್ಕೊಂಡ್ರು."

"ಬರ್ಕೊಂಡ ಹಾಗೆ ಮಾಡಿದ್ರಾ?"

"ಪೂರ್ತಿ ಇಲ್ಲ."

"ಅರ್ಧ?"

"ಅರ್ಧಾನೂ ಇಲ್ಲ ತಾತ. ಸ್ವಲ್ಪ ಸ್ವಲ್ಪ."

"ಮತ್ತೆ ಮೆರವಣಿಗೆ ಯಾವ ಸಂತೋಷಕ್ಕೆ?"

ಆ ಹುಡುಗಿ ನನ್ನನ್ನೇ ನೋಡಿ ಹೇಳಿದಳು: "ಮಗು ಪರೀಕ್ಷೇಲಿ ಪಾಸಾಗಿಲ್ಲ ಅಂತ ಹುಟ್ಟುಹಬ್ಬ ಮಾಡೋದು ಬಿಡ್ತೀವಾ? ಆವತ್ತಾದ್ರೂ ಕೂರಿಸ್ಕೊಂಡು ನೆನಪು ಮಾಡ್ಬೇಕಲ್ವಾ, ನೋಡಪ್ಪಾ, ಓದ್ತೀನಿ ಅಂತ ಮಾತು ಕೊಟ್ಟಿದ್ದೆ ಅಂತ."

ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು. ಪರೀಕ್ಷೆಯ ಮಾತು ಬಂದರೆ ಕೋಪ ಬರುತ್ತದೆ. ಅವತ್ತು ಬರಲಿಲ್ಲ. ಕೆಲಸ ಒಪ್ಪಿಕೊಂಡೆ. ಬ್ರಶ್ಶು ಕಳಿಸು.

ಬೇರೆ ದಾರಿಯಿಲ್ಲದೆ ನಿನ್ನ ಅಣ್ಣನಾದವನು


ಅಕ್ಟೋಬರ್ 1

ಅಣ್ಣನಿಗೆ,

ನಿನ್ನ ಕಾಗದ ಬಂತು. ಕವರಿನ ಮೇಲಿನ ವಿಳಾಸ ನೋಡಿ ಅಂಚೆಯವನು, "ಇದೇನ್ ಸಾರ್, ಅಚ್ಚು ಹಾಕ್ಸಿರೋದಾ?" ಎಂದು ಕೇಳಿದ. ನನಗೆ ಹೆಮ್ಮೆಯಾಯಿತು. ಅವನಿಗೆ ಹೇಳಲಿಲ್ಲ, ನಿನಗೂ ಹೇಳಬಾರದೆಂದಿದ್ದೆ.

ಬ್ರಶ್ಶು ನನ್ನ ಹತ್ತಿರವೇ ಇದೆ. ಕದ್ದದ್ದಲ್ಲ. ಅವತ್ತು ನೀನೇ ಅದನ್ನು ನನ್ನ ಮೇಲೆ ಎಸೆದೆ. ಕಿವಿಯ ಪಕ್ಕದಲ್ಲಿ ಹಾದು ಬಾಗಿಲಾಚೆ ಬಿತ್ತು. ಹೋಗುವಾಗ ಎತ್ತಿಕೊಂಡು ಹೋದೆ.

ನಮ್ಮ ಊರಲ್ಲೂ ಅದೇ ದಿನ ಅದೇ ಕಾರ್ಯಕ್ರಮ. ಇಲ್ಲೂ ಪ್ಲಾಸ್ಟಿಕ್ ಬೇಡವಂತೆ. ನನ್ನ ಫ್ಲೆಕ್ಸ್ ಅಂಗಡಿಯ ಮುಂದೆಯೇ ನಿಂತುಕೊಂಡು, ಇಲ್ಲಿ ಬಟ್ಟೆಯ ಮೇಲೆ ಬರೆಯುವವರು ಯಾರಾದರೂ ಇದ್ದಾರಾ ಎಂದು ನನ್ನನ್ನೇ ಕೇಳಿದರು. ನೀನು ಇದ್ದಿದ್ದರೆ ನೆಲಕ್ಕೆ ಬಿದ್ದು ನಗುತ್ತಿದ್ದೆ.

ಒಂದು ವಿಷಯ ಗಮನಿಸಿದೆಯಾ? ಆ ದೇಶಗಳೆಲ್ಲ ಒಟ್ಟಿಗೆ ಕೂತು ಒಪ್ಪಂದ ಮಾಡಿಕೊಂಡ ತಿಂಗಳೇ ನಾವಿಬ್ಬರು ಜಗಳವಾಡಿದ್ದು. ನಮಗೂ ಹತ್ತು ವರ್ಷ ತುಂಬುತ್ತಿದೆ.

ಬ್ರಶ್ಶು ಕೊಡುತ್ತೇನೆ. ಅದನ್ನು ಎಸೆದಾಗ ಅದರ ಜೊತೆಗೆ ಒಂದು ಮಾತನ್ನೂ ಎಸೆದೆಯಲ್ಲ, ಅದನ್ನು ನೀನು ವಾಪಸ್ ತೆಗೆದುಕೊಂಡರೆ. ಅತ್ತಿಗೆಗೆ ನನ್ನ ನಮಸ್ಕಾರ.

ತಮ್ಮ


ಅಕ್ಟೋಬರ್ 12

ತಮ್ಮನಿಗೆ,

ಯಾವ ಮಾತು? ನಾನು ಕೋಪದಲ್ಲಿ ಆಡಿದ ಮಾತನ್ನೆಲ್ಲ ನೆನಪಿಟ್ಟುಕೊಳ್ಳಬೇಕೆಂದರೆ ತಲೆಯ ಪಕ್ಕದಲ್ಲಿ ಇನ್ನೊಂದು ಗೋದಾಮು ಕಟ್ಟಿಸಬೇಕು. ನಿನ್ನ ಅತ್ತಿಗೆಯನ್ನು ಕೇಳಿದೆ. ಬಟ್ಟೆ ಮಡಿಸುತ್ತಿದ್ದವಳು ತಲೆ ಎತ್ತದೆ ಹೇಳಿದಳು:

"ಗಿರಾಕಿಗಳ ಎದುರಿಗೆ, 'ನಾನಿಲ್ದೆ ನೀನೇನೋ? ಬರೀ ಸೊನ್ನೆ!' ಅಂದ್ರಿ."

ಒಂದಕ್ಷರ ತಡವರಿಸಲಿಲ್ಲ. ನಾನು ಯಾವಾಗ ಕೇಳುತ್ತೇನೋ ಎಂದು ಹತ್ತು ವರ್ಷ ಬಾಯಲ್ಲೇ ಇಟ್ಟುಕೊಂಡಿದ್ದ ಹಾಗಿತ್ತು.

ಸರಿ, ಅಂದೆ. ಅದರಲ್ಲಿ ಸುಳ್ಳೇನು? ಊರೆಲ್ಲ ನಿನ್ನನ್ನು ಸೊನ್ನೆ ಎಂದೇ ಕರೆಯುತ್ತಿತ್ತಲ್ಲ! ನೀನು ಹದಿನೆಂಟಕ್ಕೆ ಅಂಗಡಿಗೆ ಬಂದಾಗ ನಿನ್ನ ಕೈಯಲ್ಲಿ ಒಂದು ಅಕ್ಷರವೂ ನೆಟ್ಟಗೆ ಬರುತ್ತಿರಲಿಲ್ಲ. 'ಕ' ಬರೆ ಎಂದರೆ ಸೊಂಟ ಉಳುಕಿದವನ ಹಾಗೆ ನಿಲ್ಲಿಸುತ್ತಿದ್ದೆ. ಆದರೆ ದುಂಡು ಬ್ರಶ್ಶು ಕೊಟ್ಟರೆ ಒಂದೇ ಸುತ್ತಿಗೆ, ನೂಲು ಹಿಡಿಯದೆ, ಉಸಿರು ಬಿಡುವಷ್ಟರಲ್ಲಿ ಸೊನ್ನೆ. ಹಾಗಾಗಿ ನಾನು ಸೊನ್ನೆಯ ಜಾಗ ಖಾಲಿ ಬಿಟ್ಟುಕೊಂಡು ಅಕ್ಷರ ಬರೆಯುತ್ತಾ ಹೋಗುವುದು, ನೀನು ಹಿಂದಿನಿಂದ ಸೊನ್ನೆ ಇಡುತ್ತಾ ಬರುವುದು. ಮೂವತ್ತು ವರ್ಷ ಹಾಗೇ ನಡೆಯಿತು. ಸೊನ್ನೆ ಇಡುವವನು ಸೊನ್ನೆ. ಬೈಗುಳ ಅದರಲ್ಲೆಲ್ಲಿ ಬಂತು?

ವಾಪಸ್ ತೆಗೆದುಕೊಳ್ಳುವುದಿಲ್ಲ. ನಿನ್ನ ಬ್ರಶ್ಶೂ ಬೇಡ. ಈಗಾಗಲೇ ಹದಿನಾರು ಬ್ಯಾನರ್ ಬರೆದು, ಒಣಗಿಸಿ, ಸುತ್ತಿ ಇಟ್ಟಿದ್ದೇನೆ. ಯಾರ ಹಂಗೂ ಇಲ್ಲದೆ.

ಅಣ್ಣ


ನವೆಂಬರ್ 4

ತಮ್ಮನಿಗೆ,

ಇದನ್ನು ಓದುವ ಮೊದಲು ಬಾಗಿಲು ಹಾಕಿಕೋ. ನೀನು ನಗುವುದು ಬೀದಿಗೆ ಕೇಳಬಾರದು.

ನಿನ್ನೆ ಬೆಳಿಗ್ಗೆ ಆ ಹದಿನಾರು ಬ್ಯಾನರನ್ನು ನಗರಸಭೆಯವರು ದೊಡ್ಡ ಬೀದಿಯಲ್ಲಿ ಕಟ್ಟಿಸಿದರು. ನಾನು ಶುಭ್ರವಾದ ಅಂಗಿ ಹಾಕಿಕೊಂಡು ನೋಡಲು ಹೋದೆ. ಹೋದರೆ ಜನ ಗುಂಪು ಕಟ್ಟಿಕೊಂಡು ನಗುತ್ತಿದ್ದಾರೆ. ಸಂತೋಷಕ್ಕೆ ಎಂದುಕೊಂಡೆ. ಟೀ ಅಂಗಡಿಯವನು ನನ್ನನ್ನು ನೋಡಿದವನೇ, "ಯಜಮಾನ್ರೇ, ಶುಕ್ರವಾರ ನಮ್ಗೆಲ್ಲಾ ಜೈಲಾ?" ಎಂದ.

ತಲೆ ಎತ್ತಿ ನೋಡಿದೆ. ನಾನು ಬರೆಯಬೇಕಾಗಿದ್ದದ್ದು: "ಎಲ್ಲ ದೇಶಗಳ ಒಪ್ಪಂದ, ಹತ್ತು ವರ್ಷ. ಒಂದೇ ಭೂಮಿ. ಶುಕ್ರವಾರ ಸಂಜೆ ಮೆರವಣಿಗೆ, ಎಲ್ಲರೂ ಬನ್ನಿ."

ಬೀದಿಯ ಮೇಲೆ ತೂಗುತ್ತಿದ್ದದ್ದು: "ಎಲ್ಲ ದೇಶಗಳ ಒಪ್ಪದ ಹತ್ತು ವರ್ಷ. ಒದೇ ಭೂಮಿ. ಶುಕ್ರವಾರ ಸಜೆ ಮೆರವಣಿಗೆ, ಎಲ್ಲರೂ ಬನ್ನಿ."

ಹದಿನಾರರಲ್ಲೂ ಒಂದೇ ಒಂದು ಸೊನ್ನೆ ಇಲ್ಲ. ಎಲ್ಲ ಕಡೆಯೂ ಅದರ ಜಾಗ ಮಾತ್ರ ಅಚ್ಚುಕಟ್ಟಾಗಿ ಖಾಲಿ ಬಿಟ್ಟಿದ್ದೇನೆ. ಮೂವತ್ತು ವರ್ಷದ ಅಭ್ಯಾಸ, ಕೈ ತನ್ನಷ್ಟಕ್ಕೆ ತಾನು ಬಿಟ್ಟುಕೊಂಡು ಹೋಗಿದೆ. ಹಿಂದಿನಿಂದ ಯಾರೋ ಬರುತ್ತಾರೆ ಎಂಬ ಹಾಗೆ.

ಇಷ್ಟು ವರ್ಷ ಯಾಕೆ ಗೊತ್ತಾಗಲಿಲ್ಲ ಎಂದು ಕೇಳುತ್ತೀಯ. ನೀನು ಹೋದ ಮೇಲೆ ನನ್ನ ಹತ್ತಿರ ಬಂದ ಕೆಲಸ ಏನು? "ಇಲ್ಲಿ ವಾಹನ ನಿಲ್ಲಿಸಬೇಡಿ." "ನಾಯಿ ಇದೆ ಎಚ್ಚರಿಕೆ." "ಗೋಡೆಯ ಮೇಲೆ ಬರೆಯಬಾರದು", ಅದನ್ನೂ ಗೋಡೆಯ ಮೇಲೆಯೇ ಬರೆದೆ. ಒಂದರಲ್ಲಾದರೂ ಸೊನ್ನೆ ಇದೆಯಾ ನೋಡು!

ಆ ಹುಡುಗಿ ಓಡಿಬಂದಳು. ಮುಖ ಕೆಂಪು. ಬೈದರೆ ನಾನೂ ಬೈಯಬಹುದು ಎಂದು ಸಿದ್ಧನಾಗಿ ನಿಂತೆ. ಅವಳು ಬ್ಯಾನರನ್ನು ಒಂದು ಸಲ ಓದಿದಳು, ಇನ್ನೊಂದು ಸಲ ಓದಿದಳು, ಆಮೇಲೆ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. "ತಾತ, ಒಪ್ಪದ ಹತ್ತು ವರ್ಷ! ನಮ್ಮ ಆಫೀಸಲ್ಲಿ ಇಷ್ಟು ನಿಜ ಯಾರೂ ಬರ್ದಿಲ್ಲ." ಕಣ್ಣು ಒರೆಸಿಕೊಂಡು ಎದ್ದವಳು, "ಆದ್ರೂ ಹಿಂಗೇ ಬಿಡೋಕಾಗಲ್ಲ. ಡಿಸೆಂಬರ್ ಎಂಟರೊಳಗೆ ನಲವತ್ತೂ ಸರಿ ಇರ್ಬೇಕು. ಇಲ್ಲಾಂದ್ರೆ ಬೇರೆಯವ್ರಿಗೆ ಕೊಡ್ಬೇಕಾಗುತ್ತೆ" ಎಂದಳು.

ನಾನೇ ಇಟ್ಟು ನೋಡಿದೆ. ಹೆಬ್ಬೆರಳ ಗಂಟು ಊದಿದೆ, ಬ್ರಶ್ಶು ತಿರುಗುವುದಿಲ್ಲ. ಸೊನ್ನೆ ಇಟ್ಟರೆ ಬದನೆಕಾಯಿ ಬರುತ್ತದೆ. ನಿನ್ನ ಅತ್ತಿಗೆ ನೋಡಿ, "ಸಂಜೆಗೆ ತೊಟ್ಟು ಬಂದಿದೆ" ಎಂದಳು.

ತಪ್ಪೆಲ್ಲ ನಿನ್ನದು. ಮೂವತ್ತು ವರ್ಷ ಯಾಕೆ ಇಟ್ಟೆ?

ಅಣ್ಣ

(ಇದು ಅತ್ತಿಗೆ ಬರೆಯುತ್ತಿರುವುದು. ಇವರು ನಿನಗೆ ಬರೆದ ಮೂರು ಕಾಗದಕ್ಕೂ ಸೊನ್ನೆ ಹಾಕಿದವಳು ನಾನೇ. ಬರೆದು ಮುಗಿಸಿ ನನ್ನ ಮುಂದೆ ಇಡುತ್ತಾರೆ, ಯಾಕೆ ಎಂದು ಹೇಳುವುದಿಲ್ಲ. ಪೆನ್ನಿನಲ್ಲಾದರೆ ನನಗೆ ಬರುತ್ತದೆ ಕಣಪ್ಪ. ಬ್ರಶ್ಶಿನಲ್ಲಿ ಬರುವುದಿಲ್ಲ.)


ನವೆಂಬರ್ 11

ಅಣ್ಣನಿಗೆ,

ಬಾಗಿಲು ಹಾಕಿಕೊಂಡೇ ಓದಿದೆ. ಪ್ರಯೋಜನವಾಗಲಿಲ್ಲ. ಪಕ್ಕದ ಅಂಗಡಿಯವರು ಗೋಡೆ ತಟ್ಟಿ ಏನಾಯಿತೆಂದು ಕೇಳಿದರು. ನನ್ನ ಹೆಂಡತಿಯಂತೂ "ಒದೇ ಭೂಮಿ" ಎಂದುಕೊಂಡು ಮನೆಯೆಲ್ಲ ಓಡಾಡುತ್ತಿದ್ದಾಳೆ.

ನನ್ನ ಸಮಾಚಾರವನ್ನೂ ಕೇಳು. ನಾನು ಮೊಟ್ಟಮೊದಲು ಮುದ್ರಿಸಿದ ಫ್ಲೆಕ್ಸ್ ಒಂದು ಮದುವೆಯದು. ಈಗ ಅದು ಸೈಕಲ್ ಅಂಗಡಿಯ ಮಾಡಿನ ಮೇಲಿದೆ, ಸೋರದ ಹಾಗೆ. ಆ ಗಂಡಹೆಂಡತಿ ಬೇರೆಯಾಗಿ ಆರು ವರ್ಷವಾಯಿತು. ಫ್ಲೆಕ್ಸಿನಲ್ಲಿ ಮಾತ್ರ ಇನ್ನೂ ಕೈ ಕೈ ಹಿಡಿದುಕೊಂಡು ನಗುತ್ತಿದ್ದಾರೆ. ಒಂದು ಮೂಲೆಯೂ ಹರಿದಿಲ್ಲ. ನಾನು ಮಾಡಿದ ಯಾವುದೂ ಹಾಳಾಗುವುದಿಲ್ಲ, ಅಣ್ಣ. ಮೊದಮೊದಲು ಅದು ಜಂಬವಾಗಿತ್ತು. ಈಗ ಚರಂಡಿಯಲ್ಲಿ, ಕೆರೆಯ ದಡದಲ್ಲಿ ನನ್ನದೇ ಫ್ಲೆಕ್ಸು ನನ್ನನ್ನು ನೋಡಿ ನಗುವಾಗ ಬೇರೆ ದಾರಿ ಹಿಡಿದು ಹೋಗುತ್ತೇನೆ.

ಇನ್ನೊಂದು. ಹತ್ತು ವರ್ಷದಲ್ಲಿ ಆ ಯಂತ್ರ ನನ್ನ ಕೈಗೆ ಒಂದು ಸಲವೂ ಬಣ್ಣ ಹಚ್ಚಿಲ್ಲ. ನನ್ನ ಉಗುರು ಬ್ಯಾಂಕಿನವರ ಉಗುರಿನ ಹಾಗಿದೆ.

ಬ್ರಶ್ಶನ್ನು ತಿಂಗಳಿಗೊಮ್ಮೆ ತೊಳೆದು ಎಣ್ಣೆ ಹಾಕಿ ಇಡುತ್ತೇನೆ. ಕೂದಲು ಒಂದೂ ಉದುರಿಲ್ಲ. ಬರಲು ಬಸ್ಸಿನಲ್ಲಿ ಎರಡು ಗಂಟೆ ಅಷ್ಟೆ. ಆದರೆ ಅಣ್ಣ, ಅವತ್ತು ನೀನು ನನ್ನ ಅಡ್ಡಹೆಸರು ಹಿಡಿದು ಕರೆದದ್ದಲ್ಲ. ಅದು ನಿನಗೂ ಗೊತ್ತು. ಕೈ ಎತ್ತಿ ತೋರಿಸಿ, ಎಣಿಕೆಗೇ ಇಲ್ಲದವನು ಎಂಬ ಅರ್ಥದಲ್ಲಿ ಅಂದದ್ದು. ಅದೊಂದನ್ನು ಸರಿಮಾಡು.

ತಮ್ಮ


ನವೆಂಬರ್ 23

ತಮ್ಮನಿಗೆ,

ಈ ಕಾಗದವನ್ನು ನಾಲ್ಕು ಸಲ ಹರಿದೆ. ಇದು ಐದನೆಯದು. ಕಾಗದ ಹಾಳುಮಾಡುತ್ತೀರಿ, ಮರ ಕಡಿಯುತ್ತಾರೆ, ಪರಿಸರದ ಹುಡುಗಿಗೆ ಹೇಳುತ್ತೇನೆ ಎಂದು ನಿನ್ನ ಅತ್ತಿಗೆ ಹೆದರಿಸಿದ್ದಾಳೆ.

ಗಡಿಯಾರದ ಗೋಪುರಕ್ಕೆ ತೂಗುಹಾಕಲು ಒಂದು ದೊಡ್ಡ ಬಟ್ಟೆ ಕೊಟ್ಟಿದ್ದಾರೆ. ಎರಡು ಆಳು ಎತ್ತರ. ಅದರ ಮೇಲೆ ಅಂಕಿಯಲ್ಲಿ 10 ಬರೆಯಬೇಕು. ನಗರಸಭೆಯ ಸಭಾಂಗಣದ ನೆಲದ ಮೇಲೆ ಬಟ್ಟೆ ಹಾಸಿ, ಒಂದನ್ನು ಎಳೆದೆ. ಹಸಿರು ಬಣ್ಣ. ನೋಡಲು ಭರ್ಜರಿಯಾಗಿ ಬಂತು. ಸೊನ್ನೆಗೆ ನಡುವೆ ಮೊಳೆ ಹೊಡೆದು ಹಗ್ಗ ಕಟ್ಟಿ ಸೀಮೆಸುಣ್ಣದಲ್ಲಿ ಸುತ್ತಿದೆ, ಗಾಡಿಯ ಚಕ್ರ ಬಂತು. ಅಂಕಿಯ ಸೊನ್ನೆ ಉದ್ದಕ್ಕೆ, ಮೊಟ್ಟೆಯ ಹಾಗಿರಬೇಕು. ಅದು ಹಗ್ಗಕ್ಕೆ ಬರುವುದಿಲ್ಲ. ಗೆರೆ ಒರೆಸಿಬಿಟ್ಟೆ.

ಈಗ ಒಂದು ಮಾತ್ರ ಮಲಗಿದೆ. ದಿನಕ್ಕೆ ಹತ್ತು ಜನ ಬಂದು ನೋಡಿ, "ಪಕ್ಕದ್ದೆಲ್ಲಿ?" ಎಂದು ಕೇಳುತ್ತಾರೆ. ಕಸ ಗುಡಿಸುವವಳಂತೂ, "ಇದೇನ್ ಯಜಮಾನ್ರೇ, ಒಳ್ಳೆ ದೀಪದ ಕಂಬದ ಥರ ಒಂಟಿಯಾಗಿ" ಎಂದಳು. ರೇಗಿದೆ. ಆಮೇಲೆ ಅದರ ಪಕ್ಕದಲ್ಲಿ ಕೂತು ನೋಡಿದೆ. ಅವಳು ಹೇಳಿದ್ದು ಸರಿ.

ಆಗ ಆ ಹುಡುಗಿ ಬಂದು ನೆಲದ ಮೇಲೆ ಕೂತಳು. ಈ ಸಲ ಬಣ್ಣ ಒಣಗಿದೆಯಾ ಎಂದು ಮುಟ್ಟಿ ನೋಡಿಕೊಂಡೇ ಕೂತಳು. ಕೊನೆಗೆ ಆ ಒಪ್ಪಂದದಿಂದ ಏನಾಗಬೇಕಮ್ಮ ಎಂದು ಕೇಳಿದೆ.

"ನಾವು ಬಿಡೋ ಹೊಗೆ ಎಷ್ಟೋ, ಮರ ಮಣ್ಣು ಕಡಲು ಹೀರಿಕೊಳ್ಳೋದೂ ಅಷ್ಟೇ ಆಗ್ಬೇಕು ತಾತ. ಕಳೆದ್ರೆ ಸೊನ್ನೆ ಉಳೀಬೇಕು. ಅಲ್ಲಿಗೆ ಬರೋದೇ ಎಲ್ಲಾರ ಗುರಿ."

"ಸೊನ್ನೆಗಾ?"

"ಹೂಂ. ಇಡೀ ಪ್ರಪಂಚ ಒಂದು ಸೊನ್ನೆಗೋಸ್ಕರ ಒದ್ದಾಡ್ತಾ ಇದೆ."

ನಾನೊಬ್ಬನೇ ಅಲ್ಲ ಎಂದು ಸಮಾಧಾನವಾಯಿತು.

ಈಗ ಕೇಳು. ಅವತ್ತು ನಾನು ನಿನ್ನನ್ನು ಸೊನ್ನೆ ಎಂದೆ. ಅದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ನೀನು ಸೊನ್ನೆಯೇ. ಆದರೆ ನಾನು ಲೆಕ್ಕ ಕಲಿಯುವ ಮೊದಲೇ ಶಾಲೆ ಬಿಟ್ಟವನು, ಜಾಗ ತಪ್ಪಾಗಿ ತಿಳಿದುಕೊಂಡಿದ್ದೆ. ಒಂದರ ಎಡಗಡೆ ಇಟ್ಟ ಸೊನ್ನೆ ಎಂದುಕೊಂಡಿದ್ದೆ, ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ನೀನು ಬಲಗಡೆಯದು. ನೀನು ಪಕ್ಕದಲ್ಲಿ ನಿಂತಿದ್ದಕ್ಕೆ ನಾನು ಹತ್ತಾಗಿದ್ದೆ. ಇಲ್ಲದಿದ್ದರೆ ನಾನು ಇಷ್ಟೇ, ನೆಲದ ಮೇಲೆ ಮಲಗಿರುವ ಒಂದು.

ಇದಕ್ಕಿಂತ ಹೆಚ್ಚು ನನ್ನಿಂದ ಬರುವುದಿಲ್ಲ. ಬರುತ್ತೀಯೋ ಇಲ್ಲವೋ ಬರೆ.

ಅಣ್ಣ


ನವೆಂಬರ್ 26

ಅಣ್ಣ,

ಶನಿವಾರ ಮೊದಲನೇ ಬಸ್ಸು. ದೊಡ್ಡ ಏಣಿ ಇಳಿಸಿ ಇಡು. ಅತ್ತಿಗೆಗೆ ಹೇಳು, ಪೆನ್ನು ಕೆಳಗಿಡಬಹುದು.

ಸೊನ್ನೆ


ಡಿಸೆಂಬರ್ 16

ತಮ್ಮನಿಗೆ,

ನೀನು ಬಸ್ಸು ಹತ್ತಿ ಇನ್ನೂ ಎರಡು ದಿನವಾಗಿಲ್ಲ, ಆಗಲೇ ಏನು ಕಾಗದ ಎನ್ನಬೇಡ. ನೀನು ಒಂದು ವಾರ ಏಣಿಯ ಮೇಲೆಯೇ ಇದ್ದವನು. ಮೂಗಿನ ಮುಂದೆ ಬಟ್ಟೆ, ಬಟ್ಟೆಯ ಮೇಲೆ ಸೊನ್ನೆ. ಕೆಳಗೆ ಏನಾಯಿತೆಂದು ನೀನು ನೋಡಿಲ್ಲ. ಏಣಿ ಹಿಡಿದವನು ನಾನು, ನೋಡಿದ್ದೇನೆ. ಎದುರಿಗೆ ಹೇಳಿದರೆ ನಿನಗೆ ಜಂಬ ಬರುತ್ತದೆ ಎಂದು ಸುಮ್ಮನಿದ್ದೆ.

ಬಸ್ ನಿಲ್ದಾಣದಲ್ಲಿ ನೀನು ಇಳಿದಾಗ "ಏನೋ ಹೊಟ್ಟೆ ಬಂದಿದೆ" ಎಂದೆನಲ್ಲ. ಬೇರೆ ಮಾತು ಸಿದ್ಧ ಮಾಡಿಕೊಂಡು ಬಂದಿದ್ದೆ, ನಿನ್ನ ಮುಖ ನೋಡಿ ಮರೆತುಹೋಯಿತು. ನೀನೂ ಕಡಿಮೆಯವನಲ್ಲ, "ನಿನ್ನ ತಲೆ ನೋಡ್ಕೋ, ಬಣ್ಣ ಹೊಡೆಯೋಕೆ ಜಾಗ ಖಾಲಿ ಇದೆ" ಎಂದೆ.

ನೀನು ದೊಡ್ಡ ಬೀದಿಯಲ್ಲಿ ಮೊದಲನೇ ಸೊನ್ನೆ ಇಟ್ಟಾಗ ಟೀ ಅಂಗಡಿಯವನು ಜೋರಾಗಿ "ಒಂದು!" ಎಂದ. ಎರಡನೆಯದಕ್ಕೆ ಅವನ ಗಿರಾಕಿಗಳೂ ಸೇರಿಕೊಂಡರು. ಹತ್ತನೆಯದಕ್ಕೆ ಬೀದಿಯೇ ಎಣಿಸುತ್ತಿತ್ತು. ಶಾಲೆಗೆ ಹೊರಟ ಮಕ್ಕಳು ನಿಂತರು, ಅವರನ್ನು ಕರೆದುಕೊಂಡು ಹೋಗಲು ಬಂದ ಮೇಷ್ಟರೂ ನಿಂತರು. "ಸಜೆ" ಹೋಗಿ "ಸಂಜೆ" ಆದಾಗ ಚಪ್ಪಾಳೆ. ನೀನು ಯಾರಿಗೋ ಬಿತ್ತು ಎಂದು ತಿರುಗಿಯೂ ನೋಡಲಿಲ್ಲ. ನಿನಗೇ ಬಿದ್ದದ್ದು.

ಸಭಾಂಗಣದಲ್ಲಿ ಆ ದೊಡ್ಡ ಸೊನ್ನೆಯನ್ನು ನೀನು ಬರಿಗಾಲಿನಲ್ಲಿ ಬಟ್ಟೆಯ ಮೇಲೆ ನಡೆಯುತ್ತಾ, ಬ್ರಶ್ಶನ್ನು ಕೋಲಿಗೆ ಕಟ್ಟಿಕೊಂಡು, ನಿಲ್ಲದೆ ಒಂದೇ ಸುತ್ತಿಗೆ ಎಳೆದು, ಶುರುಮಾಡಿದ ಜಾಗಕ್ಕೇ ಬಂದು ಕೂಡಿಸಿದೆ. ಕಸ ಗುಡಿಸುವವಳು ಬಾಯಿಗೆ ಕೈ ಇಟ್ಟುಕೊಂಡಳು. ನನ್ನ ಕಣ್ಣಿಗೆ ಟರ್ಪಂಟೈನ್ ಹೋಯಿತು ಎಂದೆನಲ್ಲ. ಅದು ನೀರಿನ ಬಣ್ಣ. ಅಲ್ಲಿ ಟರ್ಪಂಟೈನ್ ಇರಲಿಲ್ಲ.

ಶುಕ್ರವಾರದ ಮೆರವಣಿಗೆಯಲ್ಲಿ ನಿನ್ನನ್ನು ಮುಂದೆ ನಿಲ್ಲಿಸಿ ಮೊದಲನೇ ಬ್ಯಾನರಿನ ಕೋಲು ಹಿಡಿಸಿದರು. ನಿನ್ನ ಹಿಂದೆ ಸೈಕಲ್ಲುಗಳು, ಗಂಟೆ ಬಾರಿಸುತ್ತಾ. ಅದರ ಹಿಂದೆ ಕೆಟ್ಟ ಫ್ಯಾನು, ಮುರಿದ ಛತ್ರಿ, ಹರಿದ ಚಪ್ಪಲಿ ಹಿಡಿದುಕೊಂಡ ಜನ. ಮೈದಾನದಲ್ಲಿ ರಿಪೇರಿ ಮಾಡಿಕೊಡುತ್ತಾರೆ ಎಂದು ಹುಡುಗಿ ಡಂಗುರ ಹೊಡೆಸಿದ್ದಳಲ್ಲ. ಒಬ್ಬ ಅಜ್ಜಿ ರೇಡಿಯೋ ತಂದಿದ್ದಳು. ರಿಪೇರಿಯಾಗಿ ಅದು ಹಾಡಲು ಶುರುಮಾಡಿದಾಗ ಅದಕ್ಕೇ ನಾಲ್ಕು ಏಟು ಕೊಟ್ಟಳು, "ಇಷ್ಟು ವರ್ಷ ಎಲ್ಲಿ ಹೋಗಿದ್ದೆ?" ಎಂದು. ನಿನ್ನ ಅತ್ತಿಗೆ ನನ್ನನ್ನು ನೋಡಿದಳು. ನಾನು ಬೇರೆ ಕಡೆ ನೋಡಿದೆ.

ಈಗ ನಾನು ಬರೆಯಲು ಕೂತ ವಿಷಯ. ನೀನು ಸೊನ್ನೆ ಇಟ್ಟದ್ದು ಮೂವತ್ತೊಂಬತ್ತು ಬ್ಯಾನರಿಗೆ. ನಲವತ್ತು ಎಂದುಕೊಂಡಿದ್ದೀಯ. ಒಂದನ್ನು ನಾನು ಬಚ್ಚಿಟ್ಟಿದ್ದೆ. ಹುಡುಗಿಗೆ ಮಾತ್ರ ಹೇಳಿದ್ದೆ, ಅವಳು ಬೇಡ ಎನ್ನಲಿಲ್ಲ. ಮೆರವಣಿಗೆಯ ಕಟ್ಟಕಡೆಯಲ್ಲಿ ಅದನ್ನು ನಾನೂ ಅವಳೂ ಹಿಡಿದುಕೊಂಡು ಬಂದೆವು: "ಎಲ್ಲ ದೇಶಗಳ ಒಪ್ಪದ ಹತ್ತು ವರ್ಷ." ಮಹಡಿಯ ಮೇಲಿನಿಂದ ಒಬ್ಬ ಹೆಂಗಸು ಕೂಗಿದಳು, "ತಾತಾ, ಸೊನ್ನೆ ಬಿಟ್ಟಿದೀರಾ!"

"ಬಿಟ್ಟಿಲ್ಲಮ್ಮಾ," ಎಂದು ಕೂಗಿದೆ, "ಇನ್ನೂ ಇಡ್ಬೇಕು!"

ಅದು ಈಗ ನಮ್ಮ ಅಟ್ಟದ ಮೇಲಿದೆ, ಸುತ್ತಿ ಇಟ್ಟಿದ್ದೇನೆ. ಆ ಹೊಗೆ ಸೊನ್ನೆಗೆ ಬಂದ ದಿನ ಅದನ್ನು ಬಿಚ್ಚಿ ಸೊನ್ನೆ ಇಡಬೇಕು. ಇನ್ನೂ ಇಪ್ಪತ್ತೈದು ವರ್ಷವಾದರೂ ಬೇಕಂತೆ. ನನಗೆ ಅರವತ್ತೊಂಬತ್ತು. ಲೆಕ್ಕ ಬಾರದವನಾದರೂ ಅಷ್ಟು ಲೆಕ್ಕ ಬರುತ್ತದೆ. ನೀನು ನನಗಿಂತ ಹನ್ನೊಂದು ವರ್ಷ ಚಿಕ್ಕವನು, ಹೊಟ್ಟೆ ಕರಗಿಸಿಕೊಂಡರೆ ಇರುತ್ತೀಯ. ಅಕ್ಷರ ನಾನು ಬರೆದಾಗಿದೆ. ಜಾಗ ಬಿಟ್ಟಿದ್ದೇನೆ. ಹಿಂದಿನಿಂದ ನೀನು ಬಾ.

ನೀನು ಬ್ರಶ್ಶನ್ನು ನನ್ನ ಮೇಜಿನ ಮೇಲೆ ಬಿಟ್ಟುಹೋಗಿದ್ದೀಯ, ವಾಪಸ್ ಕೊಟ್ಟ ಹಾಗೆ. ಅದನ್ನು ತೊಳೆದು, ಎಣ್ಣೆ ಹಾಕಿ, ಈ ಕಾಗದದ ಜೊತೆಗೇ ಕಳಿಸುತ್ತಿದ್ದೇನೆ. ನಿನ್ನ ಹತ್ತಿರವೇ ಇರಲಿ. ಒಣಗಿಸಿ ಹಾಳುಮಾಡಿದರೆ ಎರಡು ಗಂಟೆಯ ಬಸ್ಸು ಹತ್ತಿ ಬಂದು ಒದೆಯುತ್ತೇನೆ. ಭೂಮಿಯನ್ನಲ್ಲ, ನಿನ್ನನ್ನೇ.

ಈ ಕಾಗದಕ್ಕೆ ಸೊನ್ನೆಗಳನ್ನು ನಾನೇ ಹಾಕಿದ್ದೇನೆ. ಬದನೆಕಾಯಿ ಕಂಡರೆ ಸೊನ್ನೆ ಎಂದು ಓದಿಕೋ.

ನಿನ್ನ ಎಡಗಡೆ ನಿಂತಿರುವ
ಅಣ್ಣ